ಮೊಲಕ್ಕೆ ಎಷ್ಟು ಕಾಲು? – ಸಾಕುಮೊಲದ ಸಂತಾನದ ಹಿಂದಿನ ಚರಿತ್ರೆ

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬ ಗಾದೆಯನ್ನು ನಾವೆಲ್ಲ ತರಗತಿಯಲ್ಲಿ ಹೇಳಿಕೊಡುತ್ತೇವೆ. ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದರೆ ಮಕ್ಕಳು ಮುಕ್ಕಾಲು ಪುಟ ಬರೆಯುತ್ತಾರೆ, ನಾವು ಕೆಂಪು ಶಾಯಿಯಲ್ಲಿ ನಾಲ್ಕಕ್ಕೆ ಮೂರು ಅಂಕ ಕೊಡುತ್ತೇವೆ. ಆದರೆ ಒಮ್ಮೆ ಆ ಗಾದೆಗೆ ನಾವು ಮಾಷ್ಟ್ರುಗಳೇ ಸಿಕ್ಕಿಬಿದ್ದೆವು. ಅದೂ ನಿಜವಾದ ಮೊಲದ ವಿಷಯದಲ್ಲಿ! ಆ ಕಥೆಯಿಂದಲೇ ಶುರು ಮಾಡುತ್ತೇವೆ. ಯಾಕೆಂದರೆ ಈ ಬರಹದ ಚರಿತ್ರೆಯನ್ನೆಲ್ಲ ನಾವು ಹುಡುಕಿಕೊಂಡು ಹೋದದ್ದು ಅದರಿಂದಾಗಿ.

ನಮ್ಮದು ಕಾಸರಗೋಡಿನ ಒಳನಾಡಿನ ಒಂದು ಸಣ್ಣ ಕನ್ನಡ ಮಾಧ್ಯಮ ಶಾಲೆ. ಸುತ್ತ ಅಡಿಕೆ ತೋಟ, ಗುಡ್ಡ. ಕೃಷಿ ಕ್ಲಬ್ಬಿಗೆಂದು ಒಬ್ಬ ರಕ್ಷಕರು ಮೂರು ಮೊಲ ಕೊಟ್ಟರು. ಎರಡು ಹೆಣ್ಣು, ಒಂದು ಗಂಡು. ಹಳೆಯ ಸೈಕಲ್ ಶೆಡ್ಡಿನ ತಗಡಿನ ಮಾಡಿನ ಕೆಳಗೆ ಗೂಡು ಮಾಡಿದೆವು. ಹೆಣ್ಣುಗಳಿಗೆ ಒಂಟಿತನ ಬೇಡ ಎಂದು ಎರಡನ್ನೂ ಒಂದೇ ಗೂಡಿನಲ್ಲಿ ಇಟ್ಟೆವು, ಗಂಡಿಗೆ ಬೇರೆ ಗೂಡು. ಬಿಳಿ ಹೆಣ್ಣಿಗೆ ಮಕ್ಕಳು 'ಬೆಳ್ಳಿ' ಎಂದು ಹೆಸರಿಟ್ಟರು. ಜನವರಿಯಲ್ಲಿ ಒಂದು ದಿನ ಮಧ್ಯಾಹ್ನ ಗಂಡನ್ನು ಹೆಣ್ಣುಗಳ ಗೂಡಿಗೆ ಬಿಟ್ಟು ಪಾಠಕ್ಕೆ ಹೋದೆವು. ಸಂಜೆ ತೆಗೆದೆವು. ಆಯಿತು ಎಂದುಕೊಂಡೆವು.

ಒಂದು ತಿಂಗಳಾಗುತ್ತಾ ಬಂದಾಗ ಬೆಳ್ಳಿ ತನ್ನ ಎದೆಯ ರೋಮವನ್ನು ಬಾಯಿಂದ ಕಿತ್ತು ಮೂಲೆಯಲ್ಲಿ ಗೂಡು ಕಟ್ಟಿತು. ಶಾಲೆಯಲ್ಲಿ ಹಬ್ಬ! ಏಳನೆಯ ತರಗತಿಯವರು ಮರದ ಪೆಟ್ಟಿಗೆ ತಂದರು. ಒಂದು ದಿನ ಹೋಯಿತು, ಎರಡು ದಿನ ಹೋಯಿತು, ವಾರ ಹೋಯಿತು. ಮರಿಯಿಲ್ಲ. ಮಾರ್ಚಿನಲ್ಲಿ ಮತ್ತೆ ಗಂಡನ್ನು ಬಿಟ್ಟೆವು. ಈ ಸಲ ಬೆಳ್ಳಿ ಅದನ್ನು ಅಟ್ಟಿಸಿಕೊಂಡು ಹೋಗಿ ಕಚ್ಚಿತು. ನಾವು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟೇಬಿಟ್ಟೆವು: "ಇದು ಬಂಜೆ ಮೊಲ. ಯಾರಿಗಾದರೂ ಕೊಟ್ಟುಬಿಡುವ."

ಬಿಸಿಯೂಟದ ಅಕ್ಕ ಬಾವಿಕಟ್ಟೆಯಲ್ಲಿ ಅಕ್ಕಿ ತೊಳೆಯುತ್ತಿದ್ದರು. ತಲೆ ಎತ್ತದೆ ಹೇಳಿದರು, "ಆ ಮಾತು ಮಕ್ಕಳ ಎದುರು ಬೇಡ ಮಾಷ್ಟ್ರೇ. ತಪ್ಪು ಹೆಣ್ಣಿನದ್ದೇ ಅಂತ ನೀವು ನೋಡಿದ್ದೀರಾ?"

ಆ ಅಕ್ಕನಿಗೆ ಮಕ್ಕಳಿಲ್ಲ. ಅದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಶಬ್ದ ನಮ್ಮ ಬಾಯಿಯಿಂದ ಬಂದಿತ್ತು. ಉತ್ತರ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ನಾವು ನೋಡಿರಲಿಲ್ಲ, ಹಿಡಿದ ಮೊಲಕ್ಕೆ ಮೂರು ಕಾಲು ಎಂದಿದ್ದೆವು, ಅಷ್ಟೇ.

ಆ ವರ್ಷದ ಬೇಸಗೆ ರಜೆಯಲ್ಲಿ ನಾವು ಓದಲು ಕುಳಿತೆವು. ಓದುತ್ತಾ ಹೋದಂತೆ ಒಂದು ಸಮಾಧಾನ ಸಿಕ್ಕಿತು. ಮೊಲದ ವಿಷಯದಲ್ಲಿ ತಪ್ಪಿದವರು ನಾವು ಮಾತ್ರ ಅಲ್ಲ. ಎರಡೂವರೆ ಸಾವಿರ ವರ್ಷಗಳಿಂದ ದೊಡ್ಡ ದೊಡ್ಡವರೆಲ್ಲ ತಪ್ಪಿದ್ದಾರೆ!

ಕಾಡುಮೊಲ ಬೇರೆ, ಸಾಕುಮೊಲ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸೋಣ. ಕನ್ನಡದಲ್ಲಿ ನಾವು ಎರಡಕ್ಕೂ 'ಮೊಲ' ಎನ್ನುತ್ತೇವೆ. ನಮ್ಮ ನೆರೆಯ ಮಲಯಾಳ, ತಮಿಳುಗಳಲ್ಲಿ 'ಮುಯಲ್'. ಆದರೆ ನಮ್ಮ ಗುಡ್ಡದಲ್ಲಿ ಸಂಜೆ ಹೊತ್ತು ಛಂಗನೆ ಹಾರಿಹೋಗುವ ಕಾಡುಮೊಲವೂ ಗೂಡಿನಲ್ಲಿ ಸಾಕುವ ಮೊಲವೂ ಬೇರೆ ಬೇರೆ ಪ್ರಾಣಿಗಳು. ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಬೀಳಿಸಿದ್ದು, ವಿಜಯನಗರದ ಸ್ಥಾಪನೆಯ ಐತಿಹ್ಯದಲ್ಲಿ ಬೇಟೆನಾಯಿಯನ್ನೇ ಎದುರಿಸಿ ನಿಂತದ್ದು, ಚಂದ್ರನಲ್ಲಿ ಕುಳಿತು ಅವನನ್ನು ಶಶಾಂಕನನ್ನಾಗಿ ಮಾಡಿದ್ದು – ಇವೆಲ್ಲ ನಮ್ಮ ಕಾಡುಮೊಲ. ಅದು ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ರೋಮ, ಕಣ್ಣು ತೆರೆದಿರುತ್ತದೆ.

ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಮತ್ತು ಫ್ರಾನ್ಸಿನ ನೈಋತ್ಯ ಭಾಗ. ಅದು ಬಿಲದಲ್ಲಿ ಗುಂಪಾಗಿ ಬದುಕುವ ಪ್ರಾಣಿ. ಮರಿ ಹುಟ್ಟುವಾಗ ರೋಮವಿಲ್ಲ, ಕಣ್ಣು ಮುಚ್ಚಿರುತ್ತದೆ. ಸಾಕುಮೊಲಕ್ಕೆ 44 ವರ್ಣತಂತುಗಳಾದರೆ ಯುರೋಪಿನ ಕಾಡುಮೊಲಕ್ಕೆ 48. ಇವೆರಡರ ನಡುವೆ ಸಂತಾನ ಸಾಧ್ಯವಿಲ್ಲ. ಮಕ್ಕಳೇ, ಇನ್ನೊಂದು ಮಾತು. ಗುಡ್ಡದ ಕಾಡುಮೊಲವನ್ನು ಹಿಡಿದು ತಂದು ಸಾಕುವ ಆಸೆ ಬೇಡ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ.

ಗ್ರೀಕರು, ರೋಮನರು ಹೇಳಿದ್ದು

ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಚರಿತ್ರೆಕಾರ ಹೆರೊಡೊಟಸ್ ಕಾಡುಮೊಲದ ಬಗ್ಗೆ ಒಂದು ವಿಚಿತ್ರ ಸಂಗತಿ ಬರೆದ. ಹೊಟ್ಟೆಯಲ್ಲಿ ಮರಿ ಇರುವಾಗಲೇ ಅದು ಮತ್ತೊಮ್ಮೆ ಗಬ್ಬ ಕಟ್ಟುತ್ತದೆ ಎಂದು. ಅರಿಸ್ಟಾಟಲ್ ಕೂಡ ಅದನ್ನೇ ಹೇಳಿದ. ಬಹಳ ಕಾಲ ವಿದ್ವಾಂಸರು ಇದೊಂದು ಕಟ್ಟುಕಥೆ ಎಂದು ನಕ್ಕರು. ಆದರೆ 2010ರಲ್ಲಿ ಜರ್ಮನಿಯ ಬರ್ಲಿನ್ನಿನ ವಿಜ್ಞಾನಿಗಳು ಅಲ್ಟ್ರಾಸೌಂಡ್ ಮೂಲಕ ಪರೀಕ್ಷಿಸಿ, ಯುರೋಪಿನ ಕಂದು ಕಾಡುಮೊಲ ಮರಿ ಹಾಕುವ ಕೆಲವು ದಿನಗಳ ಮೊದಲೇ ಮತ್ತೆ ಗರ್ಭ ಧರಿಸಬಲ್ಲದು ಎಂದು ತೋರಿಸಿದರು. ಹೆರೊಡೊಟಸ್ ಗೆದ್ದ!

ಆದರೆ ಎಲ್ಲ ಮಾತೂ ಹಾಗೆ ಗೆಲ್ಲಲಿಲ್ಲ. ಕ್ರಿಸ್ತಶಕ 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಹಳೆಯ ಗ್ರೀಕ್ ಲೇಖಕನೊಬ್ಬನ ಮಾತನ್ನು ಎತ್ತಿ, ಪ್ರತಿಯೊಂದು ಕಾಡುಮೊಲದಲ್ಲೂ ಗಂಡು ಹೆಣ್ಣು ಎರಡೂ ಇದೆ, ಗಂಡಿಲ್ಲದೆಯೂ ಮರಿ ಹಾಕುತ್ತದೆ ಎಂದು ಬರೆದ. ಈ ನಂಬಿಕೆ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ 1646ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್ ಜನರ ತಪ್ಪು ನಂಬಿಕೆಗಳ ಬಗ್ಗೆ ಗ್ರಂಥ ಬರೆಯುವಾಗಲೂ ಇದಕ್ಕೆ ಒಂದು ಅಧ್ಯಾಯವನ್ನೇ ಕೊಡಬೇಕಾಯಿತು. ಮರಿಮೊಲಗಳಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಗುರುತಿಸುವುದು ಇವತ್ತಿಗೂ ಕಷ್ಟ. ಎರಡೂ ಹೆಣ್ಣೆಂದು ತಂದು ಸಾಕಿದವರ ಮನೆಯಲ್ಲಿ ಮರಿ ಹುಟ್ಟಿದ ಕಥೆ ನಮ್ಮ ಊರಿನಲ್ಲೂ ಉಂಟು. ಇಂತಹ ನಂಬಿಕೆ ಬೆಳೆಯಲು ಅಷ್ಟು ಸಾಕು.

ರೋಮನ್ ಕೃಷಿ ಲೇಖಕ ವಾರ್ರೋ ಕ್ರಿಸ್ತಪೂರ್ವ 37ರ ಹೊತ್ತಿಗೆ 'ಲೆಪೊರೇರಿಯಾ' ಎಂಬ ಗೋಡೆ ಕಟ್ಟಿದ ಮೊಲದ ಆವರಣಗಳ ಬಗ್ಗೆ ಬರೆದಿದ್ದಾನೆ. ಅದರಲ್ಲಿ ಬಿಡಲು ಯೋಗ್ಯವಾದವುಗಳಲ್ಲಿ ಸ್ಪೇನಿನ ಬಿಲಮೊಲವನ್ನೂ ಹೆಸರಿಸಿದ್ದಾನೆ. ಪ್ಲಿನಿ ಹೇಳುವ ಇನ್ನೊಂದು ಸಂಗತಿಯನ್ನು ಓದಿ ನಮ್ಮ ಮಕ್ಕಳು ನಕ್ಕರು. ಸ್ಪೇನಿನ ಪಕ್ಕದ ಬಾಲಿಯಾರಿಕ್ ದ್ವೀಪಗಳಲ್ಲಿ ಮೊಲಗಳು ಬೆಳೆಯನ್ನೆಲ್ಲ ತಿಂದು, ಜನರು ಚಕ್ರವರ್ತಿ ಆಗಸ್ಟಸನ ಹತ್ತಿರ "ಸೈನ್ಯ ಕಳಿಸಿ" ಎಂದು ಕೇಳಿಕೊಂಡರಂತೆ. ನಮ್ಮ ಕಡೆ ಹಂದಿ ಕಾಟಕ್ಕೆ ಅರ್ಜಿ ಕೊಡುವ ಹಾಗೆ!

ಮೊಲ ಸಾಕುಪ್ರಾಣಿಯಾದದ್ದು ಹೇಗೆ ಎಂಬುದಕ್ಕೆ ಬಹಳ ವರ್ಷ ಒಂದು ಸಿದ್ಧ ಕಥೆ ಇತ್ತು. ಕ್ರಿಸ್ತಶಕ 600ರ ಸುಮಾರಿಗೆ ಪೋಪ್ ಗ್ರೆಗೊರಿ, ಹುಟ್ಟುವ ಮೊದಲಿನ ಮೊಲದ ಮರಿ ಮಾಂಸವಲ್ಲ, ಉಪವಾಸದ ದಿನವೂ ತಿನ್ನಬಹುದು ಎಂದು ಆಜ್ಞೆ ಮಾಡಿದರು, ಹಾಗಾಗಿ ಫ್ರಾನ್ಸಿನ ಸನ್ಯಾಸಿಗಳು ಮಠದಲ್ಲಿ ಮೊಲ ಸಾಕತೊಡಗಿದರು ಎಂಬ ಕಥೆ. ಎಷ್ಟೋ ವಿಜ್ಞಾನ ಲೇಖನಗಳಲ್ಲೂ ಇದು ಬಂದಿದೆ. 2018ರಲ್ಲಿ ಇವಾನ್ ಇರ್ವಿಂಗ್-ಪೀಸ್, ಗ್ರೆಗರ್ ಲಾರ್ಸನ್ ಮೊದಲಾದ ಸಂಶೋಧಕರು ಮೂಲವನ್ನು ಹುಡುಕುತ್ತಾ ಹೋದರು. ಅಂತಹ ಆಜ್ಞೆಯೇ ಇಲ್ಲ! ತೂರ್ ಪಟ್ಟಣದ ಬಿಷಪ್ ಗ್ರೆಗೊರಿ ಎಂಬ ಬೇರೊಬ್ಬರು, ಯಾರೋ ಒಬ್ಬ ಉಪವಾಸದ ಕಾಲದಲ್ಲಿ ಮೊಲದ ಮರಿ ತಿಂದ ಎಂದು ಬರೆದದ್ದನ್ನು ಮುಂದಿನವರು ತಪ್ಪಾಗಿ ಓದಿ ಪೋಪರ ಹೆಸರಿಗೆ ಅಂಟಿಸಿದ್ದರು. ಮೊಲ ಒಂದೇ ದಿನದಲ್ಲಿ, ಒಂದೇ ಆಜ್ಞೆಯಿಂದ ಸಾಕುಪ್ರಾಣಿಯಾಗಲಿಲ್ಲ. ರೋಮನರ ಆವರಣ, ಮಧ್ಯಯುಗದ ಒಡೆಯರು ಮಣ್ಣಿನ ದಿಬ್ಬ ಹಾಕಿ ಮಾಡಿದ ಮೊಲದ ತೋಟ, ಆಮೇಲೆ ಗೂಡು – ಹೀಗೆ ನಿಧಾನವಾಗಿ ಆಯಿತು ಎಂಬುದು ಅವರ ವಾದ. ಪುಸ್ತಕದಲ್ಲಿ ಇದೆ ಎಂದ ಮಾತ್ರಕ್ಕೆ ನಂಬಬಾರದು ಎಂದು ಚರಿತ್ರೆಯ ಪಾಠದಲ್ಲಿ ನಾವು ಹೇಳುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಲೆಕ್ಕದ ಮೊಲ

1202ರಲ್ಲಿ ಇಟಲಿಯ ಪೀಸಾ ನಗರದ ಲಿಯೊನಾರ್ಡೊ, ಅಂದರೆ ಫಿಬೊನಾಚಿ, ತನ್ನ ಗಣಿತ ಗ್ರಂಥದಲ್ಲಿ ಒಂದು ಲೆಕ್ಕ ಕೊಟ್ಟ. ಒಂದು ಜೋಡಿ ಮೊಲ ತಿಂಗಳಿಗೊಂದು ಜೋಡಿ ಮರಿ ಹಾಕುತ್ತದೆ, ಮರಿಗಳು ಹುಟ್ಟಿದ ಎರಡನೆಯ ತಿಂಗಳಿನಿಂದ ತಾವೂ ಮರಿ ಹಾಕುತ್ತವೆ. ವರ್ಷದ ಕೊನೆಗೆ ಎಷ್ಟು ಜೋಡಿ? ಉತ್ತರ 377. ಇದೇ 1, 2, 3, 5, 8, 13 ಎಂಬ ಶ್ರೇಣಿ.

ಕನ್ನಡ ಮಾಷ್ಟ್ರುಗಳಿಗೆ ಇಲ್ಲಿ ಒಂದು ಸಂತೋಷದ ಸುದ್ದಿ ಇದೆ. ಈ ಶ್ರೇಣಿ ನಮ್ಮ ದೇಶದಲ್ಲಿ ಅದಕ್ಕೂ ಮೊದಲೇ ಗೊತ್ತಿತ್ತು. ಆದರೆ ಮೊಲದಿಂದ ಅಲ್ಲ, ಛಂದಸ್ಸಿನಿಂದ! ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಇಷ್ಟು ಮಾತ್ರೆಯ ಸಾಲನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು ಎಂದು ಲೆಕ್ಕ ಹಾಕಿದರೆ ಇದೇ ಸಂಖ್ಯೆಗಳು ಬರುತ್ತವೆ. ವಿರಹಾಂಕ, ಗೋಪಾಲ, 1150ರ ಸುಮಾರಿಗೆ ಗುಜರಾತಿನ ಹೇಮಚಂದ್ರ ಇದನ್ನು ಹೇಳಿದ್ದಾರೆ. ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ ಎಂದು ನಮ್ಮ ಹತ್ತನೆಯ ತರಗತಿಯ ಮಕ್ಕಳು ಬರೆದು ನೋಡಿದರು. ಐದು. ಸರಿಯಾಗಿಯೇ ಬಂತು.

ಆದರೆ ಫಿಬೊನಾಚಿಯ ಮೊಲ ಕಾಗದದ ಮೊಲ. ನಿಜವಾದ ಹೆಣ್ಣುಮೊಲ ಒಂದು ಸಲಕ್ಕೆ ಒಂದು ಜೋಡಿಯಲ್ಲ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ಮರಿ ಹಾಕುತ್ತದೆ. ಒಂದು ತಿಂಗಳಿಗೆ ಮರಿ ದೊಡ್ಡದಾಗುವುದಿಲ್ಲ, ಸಾಕುವವರು ಐದಾರು ತಿಂಗಳು ಕಾಯುತ್ತಾರೆ. ನಮ್ಮ ತಪ್ಪೂ ಇದೇ ಜಾತಿಯದ್ದು. ಒಂದು ಗಂಡು, ಒಂದು ಹೆಣ್ಣು, ಒಂದು ತಿಂಗಳು, ಸಮ ಮರಿ ಎಂದು ಕೂಡಿಸಿದೆವು. ಮೊಲದ ಸ್ವಭಾವವನ್ನು ಲೆಕ್ಕಕ್ಕೆ ಸೇರಿಸಲಿಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾ ಇದೆ. 1859ರ ಕ್ರಿಸ್ಮಸ್ ದಿನ ಇಂಗ್ಲೆಂಡಿನಿಂದ 24 ಮೊಲಗಳು ಮೆಲ್ಬರ್ನಿಗೆ ಬಂದವು. ತರಿಸಿದವನು ಥಾಮಸ್ ಆಸ್ಟಿನ್ ಎಂಬ ಜಮೀನುದಾರ, ಬೇಟೆಯ ಮೋಜಿಗೆ. ಐವತ್ತೇ ವರ್ಷದಲ್ಲಿ ಅವು ಖಂಡದ ಬಹುಭಾಗಕ್ಕೆ ಹರಡಿ ಹುಲ್ಲುಗಾವಲನ್ನು ಬೋಳಿಸಿದವು. ಪಶ್ಚಿಮ ಆಸ್ಟ್ರೇಲಿಯಾದವರು 1901ರಿಂದ 1907ರವರೆಗೆ 3,000 ಕಿಲೋಮೀಟರಿಗೂ ಉದ್ದದ ಬೇಲಿ ಹಾಕಿದರೂ ಮೊಲ ನಿಲ್ಲಲಿಲ್ಲ. ಆ 24 ಮೊಲಗಳಿಂದಲೇ ಈ ಆಕ್ರಮಣ ಶುರುವಾಯಿತು ಎಂದು 2022ರ ವಂಶವಾಹಿ ಅಧ್ಯಯನವೂ ಹೇಳಿತು.

ಮೊಲದ ಹೊಟ್ಟೆಯಲ್ಲಿ ಹುಡುಕಿದವರು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹೆಣ್ಣುಮೊಲ ಯಾವಾಗ ಗಬ್ಬಕ್ಕೆ ಸಿದ್ಧವಾಗುತ್ತದೆ?

ನಮ್ಮ ಹಟ್ಟಿಯ ದನದ ವಿಷಯ ಎಲ್ಲರಿಗೂ ಗೊತ್ತು. ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಕೂಗುತ್ತದೆ, ಮನೆಯವರಿಗೆ ತಿಳಿಯುತ್ತದೆ. ಹೋರಿ ಇರಲಿ ಇಲ್ಲದಿರಲಿ, ಅಂಡಾಣು ತನ್ನ ಕಾಲಕ್ಕೆ ಬಿಡುಗಡೆಯಾಗುತ್ತದೆ. ಮೊಲ ಹಾಗಲ್ಲ.

ಇದರ ಮೊದಲ ಎಳೆ ಸಿಕ್ಕಿದ್ದು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಯುವ ವೈದ್ಯ ರೆನ್ಯೆ ದ ಗ್ರಾಫ್‌ಗೆ. 1672ರ ಅವನ ಗ್ರಂಥದಲ್ಲಿ ಮೊಲದ ಪ್ರಯೋಗಗಳಿವೆ. ಗಂಡಿನ ಜೊತೆ ಕೂಡಿದ ಹೆಣ್ಣುಮೊಲಗಳನ್ನು ಬೇರೆ ಬೇರೆ ಹೊತ್ತಿಗೆ, ಕೆಲವನ್ನು ಅರ್ಧ ಗಂಟೆಗೆ, ಕೆಲವನ್ನು ಒಂದು ದಿನಕ್ಕೆ, ಕೆಲವನ್ನು ಮೂರು ದಿನಕ್ಕೆ ಕೊಯ್ದು ನೋಡಿದ. ಅಂಡಾಶಯದ ಮೇಲಿನ ಗುಳ್ಳೆಗಳು ಕೂಡಿದ ಬಳಿಕ ಒಡೆಯುತ್ತವೆ ಎಂದೂ, ಮೂರನೆಯ ದಿನ ನಾಳದಲ್ಲಿ ಪುಟ್ಟ ಗೋಲಗಳು ಸಿಗುತ್ತವೆ ಎಂದೂ ಕಂಡ. ಗುಳ್ಳೆಯೇ ಮೊಟ್ಟೆ ಎಂದು ಅವನು ಭಾವಿಸಿದ್ದ, ಆದರೆ ಸಿಕ್ಕಿದ ಗೋಲ ಗುಳ್ಳೆಗಿಂತ ಬಹಳ ಚಿಕ್ಕದು. ಆ ಒಗಟು ಬಿಡಿಸುವ ಮೊದಲೇ 1673ರಲ್ಲಿ, 32ನೆಯ ವಯಸ್ಸಿನಲ್ಲಿ ತೀರಿಕೊಂಡ. ಜೀವಶಾಸ್ತ್ರದಲ್ಲಿ 'ಗ್ರಾಫಿಯನ್' ಎಂಬ ಶಬ್ದ ಬಂದದ್ದು ಅವನ ಹೆಸರಿನಿಂದಲೇ. ಸಸ್ತನಿಯ ನಿಜವಾದ ಅಂಡಾಣುವನ್ನು 1827ರಲ್ಲಿ ಫಾನ್ ಬೇರ್ ಎಂಬ ವಿಜ್ಞಾನಿ ನಾಯಿಯಲ್ಲಿ ಕಂಡ. 1843ರಲ್ಲಿ ಮಾರ್ಟಿನ್ ಬ್ಯಾರಿ ಮೊಲದ ಅಂಡಾಣುವಿನ ಒಳಗೆ ವೀರ್ಯಾಣುವನ್ನು ಕಂಡದ್ದಾಗಿ ವರದಿ ಮಾಡಿದ.

ಆಮೇಲೆ ಬಂದವರು ವಾಲ್ಟರ್ ಹೀಪ್. 1890ರ ಏಪ್ರಿಲ್ 27ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಅವರು ಒಂದು ಪ್ರಯೋಗ ಮಾಡಿದರು. ಉದ್ದ ರೋಮದ ಬಿಳಿ ಅಂಗೋರಾ ಮೊಲದಿಂದ ಆಗಷ್ಟೇ ನಾಲ್ಕು ತುಂಡಾಗಿ ಒಡೆದಿದ್ದ ಎರಡು ಭ್ರೂಣಗಳನ್ನು ತೆಗೆದು, 'ಬೆಲ್ಜಿಯನ್ ಹೇರ್' ಎಂಬ ಇನ್ನೊಂದು ತಳಿಯ ಹೆಣ್ಣುಮೊಲದ ನಾಳದಲ್ಲಿ ಇಟ್ಟರು. ಆ ಹೆಣ್ಣು ತನ್ನದೇ ತಳಿಯ ಗಂಡಿನ ಜೊತೆ ಕೆಲವು ಗಂಟೆ ಮೊದಲು ಕೂಡಿತ್ತು. ಅದು ಆರು ಮರಿ ಹಾಕಿತು. ನಾಲ್ಕು ಬೆಲ್ಜಿಯನ್, ಎರಡು ಅಪ್ಪಟ ಅಂಗೋರಾ! ಸಸ್ತನಿಗಳಲ್ಲಿ ಯಶಸ್ವಿಯಾದ ಮೊದಲ ಭ್ರೂಣ ವರ್ಗಾವಣೆ ಇದು. ಇದೇ ಹೀಪ್ ಮುಂದೆ ಭಾರತಕ್ಕೂ ಬಂದು ಕಲ್ಕತ್ತೆಯಲ್ಲಿ ಮುಸುವ, ಕೋತಿಗಳ ಅಧ್ಯಯನ ಮಾಡಿದರು.

ಹೀಪ್ 1905ರಲ್ಲಿ ಪ್ರಕಟಿಸಿದ ಲೇಖನ ನಮ್ಮ ಬೆಳ್ಳಿಗೆ ನೇರವಾಗಿ ಸಂಬಂಧಪಟ್ಟದ್ದು. ಹೆಣ್ಣುಮೊಲದ ಅಂಡಾಣು ತನ್ನಷ್ಟಕ್ಕೆ ಬಿಡುಗಡೆಯಾಗುವುದಿಲ್ಲ, ಕೂಡಿದ ಸುಮಾರು ಹತ್ತು ಗಂಟೆಗಳ ಬಳಿಕ ಆಗುತ್ತದೆ ಎಂದು ಅವರು ತೋರಿಸಿದರು. ಕೂಡದಿದ್ದರೆ ಬೆಳೆದ ಗುಳ್ಳೆಗಳು ಹಾಗೆಯೇ ಕರಗಿ ಹೊಸವು ಬರುತ್ತವೆ. ಬೆಕ್ಕು, ಒಂಟೆಗಳಲ್ಲೂ ಹೀಗೆ ಕೂಡಿದ ಮೇಲೆಯೇ ಅಂಡಾಣು ಬಿಡುಗಡೆ. 1925ರಲ್ಲಿ ಕೇಂಬ್ರಿಜ್‌ನ ಹ್ಯಾಮಂಡ್ ಮತ್ತು ಮಾರ್ಷಲ್ ಮೊಲದ ಸಂತಾನದ ಮೇಲೆ ಒಂದು ಇಡೀ ಗ್ರಂಥ ಬರೆದರು. 1930ರ ದಶಕದಲ್ಲಿ ಮಾರ್ಷಲ್, ವರ್ನಿ, ಹ್ಯಾರಿಸ್ ಮೊದಲಾದವರು ಮೊಲದ ನರಮಂಡಲಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟಾಗಲೂ ಅಂಡಾಣು ಬಿಡುಗಡೆಯಾದದ್ದನ್ನು ಕಂಡರು. ಅಂದರೆ ಸ್ಪರ್ಶದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ, ಮಿದುಳು ಪಿಟ್ಯೂಟರಿ ಗ್ರಂಥಿಗೆ ಹೇಳುತ್ತದೆ, ಗ್ರಂಥಿಯ ಹಾರ್ಮೋನು ರಕ್ತದಲ್ಲಿ ಅಂಡಾಶಯಕ್ಕೆ ಬರುತ್ತದೆ.

ಇದೇ ಸ್ವಭಾವದಿಂದ ಮೊಲಕ್ಕೆ ದೊಡ್ಡ ಕಷ್ಟವೂ ಬಂತು. 1931ರಲ್ಲಿ ಅಮೆರಿಕದ ಮಾರಿಸ್ ಫ್ರೀಡ್‌ಮನ್ ಮತ್ತು ಮ್ಯಾಕ್ಸ್‌ವೆಲ್ ಲ್ಯಾಫಮ್ ಮನುಷ್ಯರ ಗರ್ಭ ಪರೀಕ್ಷೆಗೆ ಮೊಲವನ್ನು ಬಳಸಿದರು. ಒಂಟಿಯಾಗಿ ಇಟ್ಟ ಹೆಣ್ಣುಮೊಲದ ಅಂಡಾಶಯ ತಾನಾಗಿ ಬದಲಾಗುವುದಿಲ್ಲವಲ್ಲ? ಅದಕ್ಕೆ ಸ್ತ್ರೀಯ ಮೂತ್ರವನ್ನು ಚುಚ್ಚಿ, ಎರಡು ದಿನ ಬಿಟ್ಟು ಅಂಡಾಶಯ ಬದಲಾಗಿದೆಯೇ ಎಂದು ನೋಡುವುದು. ಬದಲಾಗಿದ್ದರೆ ಆಕೆ ಗರ್ಭಿಣಿ. "ಮೊಲ ಸತ್ತರೆ ಗರ್ಭಿಣಿ" ಎಂಬ ಮಾತು ಅಮೆರಿಕದಲ್ಲಿ ಹರಡಿತು. ನಿಜವೆಂದರೆ ಉತ್ತರ ಯಾವುದಾದರೂ ನೋಡಲಿಕ್ಕಾಗಿ ಮೊಲವನ್ನು ಕೊಯ್ಯುತ್ತಿದ್ದರು. 1959ರಲ್ಲಿ ಎಂ. ಸಿ. ಚಾಂಗ್ ಗಾಜಿನ ಪಾತ್ರೆಯಲ್ಲಿ ಫಲಿತವಾದ ಮೊಲದ ಅಂಡಾಣುವಿನಿಂದ ಮರಿ ಪಡೆದರು. 1978ರಲ್ಲಿ ಮನುಷ್ಯರಲ್ಲಿ ಅದು ಸಾಧ್ಯವಾಯಿತು, ಜುಲೈ 25ರಂದು ಇಂಗ್ಲೆಂಡಿನಲ್ಲಿ, ಅದೇ ವರ್ಷ ಅಕ್ಟೋಬರ್ 3ರಂದು ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಕಲ್ಕತ್ತೆಯಲ್ಲಿ. ಮಕ್ಕಳಿಲ್ಲದ ಎಷ್ಟೋ ಮನೆಗಳಿಗೆ ಬಂದ ಬೆಳಕಿನ ಹಿಂದೆ ಈ ಮೊಲಗಳೂ ಇವೆ.

ನಮ್ಮ ಗೂಡಿಗೆ ವಾಪಸ್ಸು

ಈಗ ಬೆಳ್ಳಿಯ ಕಥೆಗೆ ಬರೋಣ. ರಜೆ ಮುಗಿದು ಜೂನಿನಲ್ಲಿ ಶಾಲೆ ತೆರೆದಾಗ, ಹುಲ್ಲು ಹಾಕುವ ಸರದಿಯ ಪುಸ್ತಕವನ್ನು ತೆಗೆದು ನೋಡಿದೆವು. ಮಕ್ಕಳು ದಿನಾಲೂ ಒಂದೆರಡು ಸಾಲು ಬರೆಯುತ್ತಿದ್ದರು. ಒಬ್ಬಳು ಹುಡುಗಿ ಬರೆದ ಸಾಲು ಕಣ್ಣಿಗೆ ಬಿತ್ತು: ಎರಡೂ ಹೆಣ್ಣುಮೊಲ ಜಗಳ ಆಡಿದವು, ಕರಿಯದು ಬೆಳ್ಳಿಯ ಮೇಲೆ ಹತ್ತಿತು. ಅಲ್ಲಿಂದ ದಿನ ಎಣಿಸಿದೆವು. ಬೆಳ್ಳಿ ರೋಮ ಕಿತ್ತದ್ದು ಸರಿಯಾಗಿ ಹದಿನೇಳನೆಯ ದಿನ!

ಹೀಪ್ ಹೇಳಿದ್ದು ನೆನಪಿದೆಯಲ್ಲ? ಅಂಡಾಣು ಬಿಡುಗಡೆಗೆ ಬೇಕಾದದ್ದು ಪ್ರಚೋದನೆ. ಒಂದೇ ಗೂಡಿನ ಹೆಣ್ಣುಗಳು ಒಂದರ ಮೇಲೊಂದು ಹತ್ತಿದರೂ ಅದು ಸಿಗಬಹುದು. ಆಗ ಮರಿ ಇಲ್ಲದೆಯೇ ಮೈ ಗಬ್ಬವಾದಂತೆ ನಡೆದುಕೊಳ್ಳುತ್ತದೆ. ಇದು ಹುಸಿ ಗಬ್ಬ. ಹದಿನಾರರಿಂದ ಹದಿನೆಂಟು ದಿನ ಇರುತ್ತದೆ, ಕೊನೆಗೆ ರೋಮ ಕಿತ್ತು ಗೂಡು ಕಟ್ಟುತ್ತದೆ. ಆ ದಿನಗಳಲ್ಲಿ ಗಂಡನ್ನು ಹತ್ತಿರ ಸೇರಿಸುವುದೂ ಕಡಿಮೆ. ಜನವರಿಯ ಮಧ್ಯಾಹ್ನ ಏನೂ ನಡೆದಿರಲೇ ಇಲ್ಲ. ನಾವು ನೋಡದೆ ಪಾಠಕ್ಕೆ ಹೋಗಿದ್ದೆವು.

ಮತ್ತೆ ಮಾರ್ಚಿನ ಕಚ್ಚಾಟ? ಮೊಲ ತನ್ನ ಜಾಗವನ್ನು ವಾಸನೆಯಿಂದ ಗುರುತು ಮಾಡುವ ಪ್ರಾಣಿ. ಗಲ್ಲದ ಕೆಳಗಿನ ಗ್ರಂಥಿಯನ್ನು ವಸ್ತುಗಳಿಗೆ ಉಜ್ಜುತ್ತದೆ. ಆಸ್ಟ್ರೇಲಿಯಾದಲ್ಲಿ ರೋಮನ್ ಮೈಕಿಟೋವಿಚ್ ಎಂಬ ವಿಜ್ಞಾನಿ 1950, 60ರ ದಶಕಗಳಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಹೆಣ್ಣಿನ ಗೂಡಿಗೆ ಗಂಡನ್ನು ಬಿಟ್ಟರೆ ಹೆಣ್ಣಿಗೆ ಅದು ತನ್ನ ಮನೆಗೆ ನುಗ್ಗಿದ ಅಪರಿಚಿತ. ಗಂಡೂ ಹೊಸ ಜಾಗವನ್ನು ಮೂಸುವುದರಲ್ಲೇ ಹೊತ್ತು ಕಳೆಯುತ್ತದೆ. ಆದ್ದರಿಂದ ತಿಳಿದವರು ಯಾವಾಗಲೂ ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯುತ್ತಾರೆ. ಕೂಡುವುದು ಕೆಲವೇ ಕ್ಷಣ. ಗಂಡು ಒಂದು ಪಕ್ಕಕ್ಕೆ ಉರುಳಿ ಬಿದ್ದರೆ ಆಯಿತು ಎಂದು ಅರ್ಥ. ಆಗಲೇ ಹೆಣ್ಣನ್ನು ಅದರ ಗೂಡಿಗೆ ತರಬೇಕು. ಒಪ್ಪದಿದ್ದರೆ ಒತ್ತಾಯ ಮಾಡದೆ ಒಂದೆರಡು ದಿನ ಬಿಟ್ಟು ನೋಡಬೇಕು. ನಿಗದಿತ ಬೆದೆ ಇಲ್ಲ ಎಂದರೆ ಯಾವಾಗಲೂ ಒಪ್ಪುತ್ತದೆ ಎಂದಲ್ಲ. ಜನನಾಂಗ ಕೆಂಪೇರಿ ಉಬ್ಬಿದ್ದರೆ ಒಪ್ಪುವ ಸಂಭವ ಹೆಚ್ಚು, ಬಿಳಚಿಕೊಂಡಿದ್ದರೆ ಕಡಿಮೆ.

ಇನ್ನು ಅಕ್ಕ ಕೇಳಿದ ಪ್ರಶ್ನೆ. ತಪ್ಪು ಹೆಣ್ಣಿನದ್ದೇ ಅಂತ ನೋಡಿದ್ದೀರಾ? ಪಶು ಆಸ್ಪತ್ರೆಯ ಡಾಕ್ಟರು ಗೂಡನ್ನು ನೋಡಿದ ಕೂಡಲೇ ಮೇಲಕ್ಕೆ ಕೈ ತೋರಿಸಿದರು. ತಗಡಿನ ಮಾಡು! ಮೊಲಕ್ಕೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ. 30 ಡಿಗ್ರಿ ದಾಟಿದ ಸೆಕೆ ಹಲವು ದಿನ ಮುಂದುವರಿದರೆ ಗಂಡಿನ ವೀರ್ಯಾಣು ಕೆಡುತ್ತದೆ, ಸರಿಯಾಗಲು ವಾರಗಟ್ಟಲೆ ಬೇಕು. ಮಾರ್ಚಿನಲ್ಲಿ ಬೆಳ್ಳಿ ಒಪ್ಪಿದ್ದರೂ ಮರಿ ಆಗುವುದು ಅನುಮಾನವೇ ಇತ್ತು. ಗೂಡು ಕಟ್ಟಿದವರು ನಾವು, ಸೆಕೆಯಲ್ಲಿ ಇಟ್ಟವರು ನಾವು, ಬೈಗುಳ ಮಾತ್ರ ಹೆಣ್ಣಿಗೆ.

ಗೂಡುಗಳನ್ನು ಹಲಸಿನ ಮರದ ಬುಡದ ನೆರಳಿಗೆ ತಂದೆವು, ಮಳೆ ಬೀಳದಂತೆ ಮೇಲೆ ಮಡಲು ಹೊದೆಸಿದೆವು. ಎರಡು ಹೆಣ್ಣಿಗೂ ಬೇರೆ ಬೇರೆ ಗೂಡು. ಜುಲೈಯಲ್ಲಿ ಒಂದು ತಂಪು ಬೆಳಿಗ್ಗೆ ಬೆಳ್ಳಿಯನ್ನು ಗಂಡಿನ ಗೂಡಿಗೆ ಒಯ್ದೆವು, ಈ ಸಲ ನಿಂತು ನೋಡಿದೆವು. ದಿನಾಂಕವನ್ನು ಸರದಿ ಪುಸ್ತಕದಲ್ಲಿ ಬರೆದೆವು. 28ನೆಯ ದಿನ ಪೆಟ್ಟಿಗೆ ಇಟ್ಟೆವು. 31ನೆಯ ದಿನ ಬೆಳಿಗ್ಗೆ ಪೆಟ್ಟಿಗೆಯ ರೋಮ ಅಲುಗುತ್ತಿತ್ತು.

ಎಲ್ಲರಿಗಿಂತ ಮೊದಲು ನೋಡಿದವರು ಅಡುಗೆಯ ಅಕ್ಕ. ಅವರು ಬೆಳಿಗ್ಗೆ ಬೇಗ ಬರುವವರು. ನಾವು ಬಂದಾಗ ಗೂಡಿನ ಎದುರು ನಿಂತಿದ್ದರು. "ಆರು ಉಂಟು ಮಾಷ್ಟ್ರೇ" ಎಂದರು. ತಾಯಿ ಮರಿಗಳ ಹತ್ತಿರ ಇಲ್ಲವಲ್ಲ ಎಂದು ಮಕ್ಕಳಿಗೆ ಚಿಂತೆಯಾಯಿತು. ಅದೂ ಮೊಲದ ಸ್ವಭಾವವೇ. ಬಿಲದ ದಾರಿ ವೈರಿಗೆ ತಿಳಿಯಬಾರದೆಂದೋ ಏನೋ, ತಾಯಿ ದಿನಕ್ಕೆ ಹೆಚ್ಚಾಗಿ ಒಮ್ಮೆ ಮಾತ್ರ, ಮೂರು ನಾಲ್ಕು ನಿಮಿಷ ಬಂದು ಹಾಲು ಕೊಟ್ಟು ಹೋಗುತ್ತದೆ. ಅಷ್ಟಕ್ಕೇ "ತಾಯಿ ಸರಿಯಿಲ್ಲ" ಎಂದು ನಾವು ಹೇಳಲಿಲ್ಲ. ಅಷ್ಟರ ಮಟ್ಟಿಗೆ ಪಾಠ ಕಲಿತಿದ್ದೆವು.

ಆ ಅಕ್ಕನ ಹತ್ತಿರ ಕ್ಷಮೆ ಕೇಳಿದೆವಾ ಎಂದು ನೀವು ಕೇಳಬಹುದು. ಕೇಳಿದೆವು. "ಅದೆಲ್ಲ ಎಂತಕ್ಕೆ ಮಾಷ್ಟ್ರೇ" ಎಂದು ಅವರು ಪಾತ್ರೆ ತೊಳೆಯಲು ಹೋದರು. ಅಂದಿನಿಂದ ನಮ್ಮ ಶಾಲೆಯಲ್ಲಿ ಪ್ರಾಣಿಗಾಗಲಿ ಮನುಷ್ಯರಿಗಾಗಲಿ 'ಬಂಜೆ' ಎಂಬ ಶಬ್ದವನ್ನು ಯಾರೂ ಬಳಸುವುದಿಲ್ಲ. ಯಾಕೆ ಎಂದು ಮಕ್ಕಳು ಕೇಳಿದರೆ ಹೆರೊಡೊಟಸ್‌ನಿಂದ ಹೀಪ್‌ವರೆಗಿನ ಈ ಕಥೆ ಹೇಳುತ್ತೇವೆ.

ಗಾದೆಯ ಪಾಠ ಈ ವರ್ಷವೂ ಬಂತು. ಈ ಸಲ ಮಕ್ಕಳನ್ನು ಪುಸ್ತಕ ಮುಚ್ಚಿಸಿ ಗೂಡಿನ ಹತ್ತಿರ ಕರೆದುಕೊಂಡು ಹೋದೆವು. ಮೊದಲು ಕಾಲು ಎಣಿಸಿ, ಆಮೇಲೆ ಬರೆಯಿರಿ ಎಂದೆವು. ನಿಮ್ಮ ಶಾಲೆಯಲ್ಲೂ ಗೂಡು ಇದ್ದರೆ ಹಾಗೆ ಮಾಡಿ ನೋಡಿ. ಸರದಿ ಪುಸ್ತಕವನ್ನು ಮಾತ್ರ ಮರೆಯಬೇಡಿ!